ಬೋರ್ಡಿಲ್ಲದ ಪದಕದ ಅಂಗಡಿ: ಮೂರು ಸಲ ಹೋಗಿ ಬಂದವನ ರಿವ್ಯೂ

ಮಂಗಳೂರಿನ ರಥಬೀದಿಯಿಂದ ಬಂದರಿನ ಕಡೆ ಇಳಿಯುವ ಓಣಿಯೊಂದರಲ್ಲಿ ಈ ಅಂಗಡಿ ಉಂಟು. ಬೋರ್ಡ್ ಇಲ್ಲ. ಹೆಸರು ಎಲ್ಲೂ ಹಾಕಬೇಡಿ ಅಂತ ಮಾಲೀಕರೇ ಹೇಳಿದ್ದಾರೆ, ಹಾಗಾಗಿ ಹಾಕುತ್ತಿಲ್ಲ. ಹಳೆ ನಾಣ್ಯ, ಸ್ಟಾಂಪು, ಕೀಲಿ ಕೊಡುವ ಗಡಿಯಾರ ಎಲ್ಲ ಮಾರುತ್ತಾರೆ. ನಾನು ಹೋಗಿದ್ದು ಮಾತ್ರ ಬೇರೆ ಕೆಲಸಕ್ಕೆ. ಬ್ರಿಟಿಷ್ ಕಾಲದ ಮಿಲಿಟರಿ ಪದಕ, ಬ್ಯಾಡ್ಜು, ಕೋಟು ಏನೇ ತಗೊಂಡು ಹೋದರೂ ಅದು ಯಾವುದು, ಯಾವ ಕಾಲದ್ದು, ಅಸಲಿಯೋ ನಕಲಿಯೋ ಅಂತ ನೋಡಿ ಹೇಳುತ್ತಾರೆ. ಒಂದು ವಸ್ತುವಿಗೆ 200 ರೂಪಾಯಿ.

ನನ್ನ ಹತ್ತಿರ ಇದ್ದದ್ದು ಒಂದು ಬಿಸ್ಕತ್ತಿನ ಡಬ್ಬಿ. ಕಾರ್ಕಳದ ಮನೆಯದ್ದು. ಒಳಗೆ ನಕ್ಷತ್ರದ ಆಕಾರದ ಒಂದು ಪದಕ, ದುಂಡಗಿನವು ಎರಡು. ಮೂರೂ ದೊಡ್ಡಜ್ಜನದ್ದು, ಬರ್ಮಾದಲ್ಲಿ ಬಂದೂಕು ಹಿಡಿದು ಜಪಾನಿಯರ ಜೊತೆ ಹೊಡೆದಾಡಿ ಗೆದ್ದದ್ದು ಅಂತ ನಾವೆಲ್ಲ ನಂಬಿಕೊಂಡೇ ಬೆಳೆದವರು. ಇಲ್ಲಿಗೆ ಬರುವ ಮೊದಲು ಪೇಟೆಯ ಒಂದು ಬೆಳ್ಳಿ ಅಂಗಡಿಗೆ ಹೋಗಿದ್ದೆ. ಅವರು ಪದಕದ ಮುಖ ಸಹ ನೋಡಲಿಲ್ಲ, ಸೀದಾ ತಕ್ಕಡಿಗೆ ಹಾಕಿ ರೇಟು ಹೇಳಿದರು. ಕರಗಿಸಲಿಕ್ಕೆ ಅಂತೆ! ವಾಪಸ್ ಕಿಸೆಗೆ ಹಾಕಿಕೊಂಡು ಬಂದೆ.

ಇಲ್ಲಿಯ ಮಾಲೀಕರು ತಕ್ಕಡಿ ತೆಗೆಯಲಿಲ್ಲ. ಲೂಪ್, ಅಂದರೆ ಕಣ್ಣಿಗಿಟ್ಟು ನೋಡುವ ಸಣ್ಣ ಭೂತಗನ್ನಡಿ, ಕಣ್ಣಿಗಿಟ್ಟರು, ದುಂಡಗಿನ ಎರಡರಲ್ಲಿ ಬೆಳ್ಳಿಯ ಪದಕವನ್ನು ಅಂಚು ಮೇಲೆ ಬರುವ ಹಾಗೆ ಎರಡು ಬೆರಳಲ್ಲಿ ಹಿಡಿದರು, ಟಾರ್ಚನ್ನು ಪಕ್ಕದಿಂದ, ತೀರಾ ಓರೆಯಾಗಿ ಬಿಟ್ಟರು. ನಮ್ಮ ಕಣ್ಣಿಗೆ ನುಣ್ಣಗೆ ಕಾಣುತ್ತಿದ್ದ ಅಂಚಿನಲ್ಲಿ ಅಕ್ಷರದ ನೆರಳು ಎದ್ದಿತು. ಹಿಂದಿನ ಮುಖದಲ್ಲಿ ಕುದುರೆ ಸವಾರ. ಅದರ ಕಾಲಿನ ಸಂದಿಯಲ್ಲಿ ಏನೋ ಕೆಂಪು. "ಇದೆಂತ, ಕುಂಕುಮವಾ?" ಅಂದರು. ಹೌದು ಮಾರಾಯ್ರೆ, ಪ್ರತಿ ವರ್ಷ ಆಯುಧ ಪೂಜೆಗೆ ಕತ್ತಿ, ಹಾರೆ, ಸ್ಕೂಟರ್ ಜೊತೆ ಈ ಪದಕಗಳನ್ನೂ ಇಟ್ಟು ಪೂಜೆ ಮಾಡುತ್ತಿದ್ದೆವು. ಅದಕ್ಕೆ ಮೊದಲು ನಮ್ಮ ಚಿಕ್ಕಮ್ಮ ಹುಣಸೆಹುಳಿ, ಬೂದಿ ಹಾಕಿ ಫಳಫಳ ಹೊಳೆಯುವಷ್ಟು ತಿಕ್ಕುತ್ತಿದ್ದರು. ಮಾಲೀಕರು ಲೂಪ್ ಕೆಳಗಿಟ್ಟು ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. ಪದಕದ ಜೀವವೇ ಆ ಅಂಚಿನಲ್ಲಿ. ನಂಬರು, ರ‍್ಯಾಂಕು, ಹೆಸರು, ಪಲ್ಟನ್ನು ಎಲ್ಲ ಅಲ್ಲೇ ಕೊರೆದಿರುತ್ತಾರೆ. ನಾವು ಅದನ್ನೇ ಭಕ್ತಿಯಿಂದ ತೊಳೆದು ಹಾಕುತ್ತಾ ಬಂದಿದ್ದೆವು.

ಉಳಿದ ಅಕ್ಷರಗಳಲ್ಲಿ ಅವರು ಓದಿದ್ದು: ಸಿಪಾಯಿ, ಒಂದು ಹೆಸರಿನ ಕೊನೆಗೆ 'ಸಿಂಗ್', ಆಮೇಲೆ 'ಪಂಜಾಬೀಸ್', ಅಂದರೆ ಪಂಜಾಬಿ ಪಲ್ಟನ್ನು. ಕಾರ್ಕಳದ ನಮ್ಮ ಮನೆಯಲ್ಲಿ ಸಿಂಗ್ ಎಲ್ಲಿಂದ ಬಂದ? ಅಷ್ಟೇ ಅಲ್ಲ, ಅದು ಬರ್ಮಾದ್ದೇ ಅಲ್ಲ. ಬ್ರಿಟಿಷ್ ವಾರ್ ಮೆಡಲ್, ಅಂದರೆ ಮೊದಲನೇ ಮಹಾಯುದ್ಧದ್ದು. ಒಂದು ಕಡೆ ಐದನೇ ಜಾರ್ಜ್ ರಾಜನ ತಲೆ, ಇನ್ನೊಂದು ಕಡೆ ಕುದುರೆ ಮೇಲೆ ಸೇಂಟ್ ಜಾರ್ಜ್, ಜೊತೆಗೆ 1914, 1918 ಅಂತ ಇಸವಿ. ನಾವು ಅಷ್ಟು ವರ್ಷ ಪೂಜೆ ಮಾಡಿದರೂ ಒಬ್ಬನೂ ಆ ಇಸವಿ ಓದಿರಲಿಲ್ಲ! ದೊಡ್ಡಜ್ಜ ಆಗ ಹುಟ್ಟಿಯೇ ಇರಲಿಲ್ಲ. ಇದು 925 ಬೆಳ್ಳಿ, ಹಾಗಾಗಿ ಲೆಕ್ಕವಿಲ್ಲದಷ್ಟು ಮೂಸೆಗೆ ಹೋಗಿವೆಯಂತೆ, ಉಳಿದವು ಕೈಯಿಂದ ಕೈಗೆ ಎಲ್ಲೆಲ್ಲಿಗೋ ಸೇರಿವೆ. ನಮ್ಮ ಡಬ್ಬಿಗೆ ಹೇಗೆ ಬಂತು ಅಂತ ಕೇಳಿದೆ. "ಅದು ನಿಮ್ಮ ಮನೆಯ ಕಥೆ, ನನಗೆ ಹೇಗೆ ಗೊತ್ತಾಗಬೇಕು?" ಅಂದರು. ಕಥೆ ಕಟ್ಟಲಿಲ್ಲ. ನನಗೆ ಇವರು ಇಷ್ಟವಾಗಿದ್ದು ಅಲ್ಲಿ.

ಉಳಿದ ಎರಡು ದೊಡ್ಡಜ್ಜನದ್ದೇ. ನಕ್ಷತ್ರ ಬರ್ಮಾ ಸ್ಟಾರ್, 1941 ಡಿಸೆಂಬರ್ 11ರಿಂದ 1945 ಸೆಪ್ಟೆಂಬರ್ 2ರವರೆಗಿನ ಬರ್ಮಾ ಯುದ್ಧದ್ದು. ಇನ್ನೊಂದು 1939-45ರ ವಾರ್ ಮೆಡಲ್, ಅದರಲ್ಲಿ ಎರಡು ತಲೆಯ ಡ್ರ್ಯಾಗನ್ ಮೇಲೆ ಸಿಂಹ ನಿಂತಿದೆ. ಇಲ್ಲಿ ಒಂದು ಸಂಗತಿ ಕೇಳಿ. ಎರಡನೇ ಯುದ್ಧದ ಈ ಸ್ಟಾರ್‌ಗಳನ್ನು ಬ್ರಿಟನ್ನಿನ ಸೈನಿಕರಿಗೆ ಹೆಸರು ಹಾಕದೆ ಕೊಟ್ಟರು, ಭಾರತದವರಿಗೆ ಕೊಟ್ಟಿದ್ದರಲ್ಲಿ ಹೆಸರು ಕೊರೆದರು. ಹಾಗಾಗಿ ನಮ್ಮ ಕಡೆಯ ಮನೆಗಳಲ್ಲಿ ಇರುವ ಸ್ಟಾರ್ ತಿರುಗಿಸಿ ನೋಡಿದರೆ ಹೆಸರು ಸಿಗುವ ಸಾಧ್ಯತೆ ಜಾಸ್ತಿ. ನಮ್ಮದರ ಬೆನ್ನಲ್ಲಿ ದೊಡ್ಡಜ್ಜನ ಹೆಸರು ಉಂಟು, ಸ್ಪೆಲಿಂಗ್ ತಪ್ಪಿದೆ, ಆದರೆ ಉಂಟು. ಜೊತೆಗೆ ಆರ್.ಐ.ಎ.ಎಸ್.ಸಿ. ಅಂತ. ರಾಯಲ್ ಇಂಡಿಯನ್ ಆರ್ಮಿ ಸರ್ವೀಸ್ ಕೋರ್, ಅಂದರೆ ಸೈನ್ಯಕ್ಕೆ ರೇಷನ್, ಪೆಟ್ರೋಲ್, ಸಾಮಾನು ಮುಟ್ಟಿಸುವ ವಿಭಾಗ. ರ‍್ಯಾಂಕಿನ ಜಾಗದಲ್ಲಿ ಡ್ರೈವರ್. ಬಂದೂಕಿನ ಕಥೆ ಅಲ್ಲಿಗೆ ಮುಗಿಯಿತು. ಮನೆಯಲ್ಲಿ ಹೇಳಿದಾಗ ಮಾವನವರು ಎರಡು ದಿನ ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ. ಬರ್ಮಾದ ಕೆಸರಲ್ಲಿ ಲಾರಿ ಓಡಿಸಿದ್ದು ಸಣ್ಣ ವಿಷಯವಾ? ನನಗಂತೂ ಈಗಲೇ ದೊಡ್ಡಜ್ಜ ಹೆಚ್ಚು ಹತ್ತಿರ ಆದ ಹಾಗಿದೆ.

ಎರಡನೇ ಸಲ ಹೋದಾಗ ನಾನು ಆನ್‌ಲೈನಿನಲ್ಲಿ 1,800 ಕೊಟ್ಟು ತರಿಸಿದ್ದ ರಾಯಲ್ ಆರ್ಟಿಲರಿ ಟೋಪಿ ಬ್ಯಾಡ್ಜ್ ಒಯ್ದೆ. ಫಿರಂಗಿ, ಅದರ ಮೇಲೆ ಕಿರೀಟ, '1916ರದ್ದು, ಗ್ಯಾರಂಟಿ' ಅಂತ ಮಾರಿದ್ದರು. ಇವರು ಲೂಪ್ ಕೂಡ ಮುಟ್ಟಲಿಲ್ಲ. ಕಿರೀಟದ ಕಮಾನು ನೋಡಿ ಅಂದರು. ರಾಜರ ಕಾಲದ ಬ್ಯಾಡ್ಜುಗಳಲ್ಲಿ, ಅಂದರೆ 1901ರಿಂದ 1952ರವರೆಗೆ, ಕಮಾನು ಗುಮ್ಮಟದ ಹಾಗೆ ದುಂಡಗೆ ಮೇಲೇಳುತ್ತದೆ. ಎಲಿಜಬೆತ್ ರಾಣಿ ಬಂದ ಮೇಲೆ ನಡುವೆ ತಗ್ಗು ಬಿದ್ದ ಕಿರೀಟ ಬಂತು. ನನ್ನದರಲ್ಲಿ ಸ್ಪಷ್ಟ ತಗ್ಗು. 1916ರಲ್ಲಿ ಆ ರಾಣಿ ಹುಟ್ಟಿಯೂ ಇರಲಿಲ್ಲ! ಇನ್ನೊಂದು ಎಚ್ಚರಿಕೆ ಸಹ ಕೊಟ್ಟರು: 2022ರಲ್ಲಿ ಚಾರ್ಲ್ಸ್ ರಾಜ ಮತ್ತೆ ದುಂಡು ಕಿರೀಟವನ್ನೇ ಆರಿಸಿಕೊಂಡಿದ್ದರಿಂದ, ಇನ್ನು ಮುಂದೆ ಹೊಚ್ಚ ಹೊಸ ಬ್ಯಾಡ್ಜನ್ನೂ ಹಳೆಯದು ಅಂತ ಸುಲಭವಾಗಿ ತಲೆಗೆ ಕಟ್ಟಬಹುದು. ಆ 1,800 ಹೋಯಿತು ಬಿಡಿ, ನಮ್ಮದೇ ಆತುರ.

ಮೂರನೇ ಸಲ ತಮ್ಮನ ಹೆಂಡತಿಯ ಮನೆಯ ಖಾಕಿ ಕೋಟು. ಬ್ರಿಟಿಷ್ ಕಾಲದ್ದೇ ಅಂತ ಅವರ ಹಟ. ಕೋಟು ಬಿಚ್ಚಿ ಹರಡುವಷ್ಟರಲ್ಲಿ ಇವರು ಗುಂಡಿ ತೋರಿಸಿದರು, ಅದರಲ್ಲಿ ಅಶೋಕನ ಸಿಂಹ! ಅದು ರಾಷ್ಟ್ರ ಲಾಂಛನ ಆಗಿದ್ದು 1950 ಜನವರಿ 26ಕ್ಕೆ. ಗುಂಡಿ ಆಮೇಲೆ ಬದಲಾಯಿಸಿರಬಹುದು ಅಲ್ವಾ ಅಂತ ವಾದ ಮಾಡಿದೆ. ಹೊಲಿಗೆಯ ದಾರ ಒಂದೇ ತೆರನಾಗಿದೆ, ಗುಂಡಿಯ ಹಿಂದೆ ಬಟ್ಟೆ ಮಾಸಿದ ಗುರುತು ಸಹ ಒಂದೇ ಉಂಟು ಅಂತ ತೋರಿಸಿ ಬಾಯಿ ಮುಚ್ಚಿಸಿದರು. ಆಮೇಲೆ ಖಾಕಿ ಬಗ್ಗೆ ಅರ್ಧ ಗಂಟೆ ಮಾತು. ನಮ್ಮ ಬಲ್ಮಠದ ಬಾಸೆಲ್ ಮಿಷನ್ ನೇಯ್ಗೆ ಕಾರ್ಖಾನೆಯ ಜಾನ್ ಹಾಲರ್ ಈ ಬಣ್ಣ ಕಂಡುಹಿಡಿದ ಅಂತ ಮಂಗಳೂರಿನವರು ಹೆಮ್ಮೆಯಿಂದ ಹೇಳುತ್ತೇವಲ್ಲ, ಅದು 1850ರ ದಶಕದ ಮಾತು. ಅದಕ್ಕೆ ಮೊದಲೇ ಪೇಶಾವರದ ಕಡೆ ಹ್ಯಾರಿ ಲಮ್ಸ್‌ಡನ್ ಅನ್ನುವ ಬ್ರಿಟಿಷ್ ಅಧಿಕಾರಿ 1846ರಲ್ಲಿ ಕಟ್ಟಿದ ಗೈಡ್ಸ್ ಪಡೆಯವರು ಮಣ್ಣಿನ ಬಣ್ಣದ ಬಟ್ಟೆ ಹಾಕುತ್ತಿದ್ದರು. ಖಾಕ್ ಅಂದರೆ ಪರ್ಷಿಯನ್ ಭಾಷೆಯಲ್ಲಿ ಧೂಳು. ಊರಿನ ಹೆಮ್ಮೆಗೂ ಇವರ ಹತ್ತಿರ ರಿಯಾಯಿತಿ ಇಲ್ಲ ನೋಡಿ.

ಈಗ ತಕರಾರು. ಕೂರಲಿಕ್ಕೆ ಒಂದೇ ಸ್ಟೂಲು, ಅದರ ಮೇಲೂ ಹಳೆ ಪೇಪರ್ ಕಟ್ಟು. ಮೊದಲ ದಿನ ಒಂದೂವರೆ ಗಂಟೆ ಬಾಗಿಲಲ್ಲಿ ನಿಂತಿದ್ದೆ. ಗುರುತಿಸಿದ್ದನ್ನು ಚೀಟಿಯಲ್ಲಿ ಬರೆದು ಕೊಡಿ ಅಂದರೆ ಕೊಡುವುದಿಲ್ಲ, ನಾವೇ ಬರೆದುಕೊಳ್ಳಬೇಕು. ಫೋಟೋ ಕಳಿಸಿದರೆ ನೋಡುವುದಿಲ್ಲ, ಅಂಚು ಫೋಟೋದಲ್ಲಿ ಬರುವುದಿಲ್ಲ ಅನ್ನುವುದು ಅವರ ವಾದ, ಅದು ನ್ಯಾಯವೇ. ಆದರೆ ಕುಂದಾಪುರ, ಬೈಂದೂರಿನಿಂದ ಬರುವವರ ಕಷ್ಟ ಯಾರು ಕೇಳಬೇಕು? ಬರ್ಮಾ ಸ್ಟಾರ್‌ಗೆ ಹೊಸ ರಿಬ್ಬನ್ ಅಂತ 350 ತಗೊಂಡರು, ನೈಲಾನಿನದ್ದು, ಬಣ್ಣ ಕಣ್ಣಿಗೆ ಹೊಡೆಯುತ್ತದೆ. ನಮ್ಮಲ್ಲಿ ಮೊದಲು ಕಟ್ಟಿದ್ದು ಅಕ್ಕನ ಶಾಲೆಯ ಜಡೆ ರಿಬ್ಬನ್, ಹಾಗಾಗಿ ಜಾಸ್ತಿ ಮಾತಾಡುವ ಯೋಗ್ಯತೆ ನನಗಿಲ್ಲ. ಬೆಲೆ ಎಷ್ಟು ಬರಬಹುದು ಅಂತ ಕೇಳಿದರೆ ಮಾತ್ರ ಮುಖ ಗಂಟಾಗುತ್ತದೆ. ಮಾರುವ ಯೋಚನೆ ಇದ್ದವರಿಗೆ ಅವರು ಹೇಳಿದ ಒಂದು ಮಾತು: 100 ವರ್ಷ ದಾಟಿದ ಚಾರಿತ್ರಿಕ ವಸ್ತು 1972ರ ಕಾಯ್ದೆ ಪ್ರಕಾರ ಪುರಾತನ ವಸ್ತುವಾಗುತ್ತದೆ, ಮೊದಲನೇ ಯುದ್ಧದ ಪದಕಗಳೂ ಈಗ ಆ ಲೆಕ್ಕಕ್ಕೆ ಬರುತ್ತವೆ, ಸುಮ್ನೆ ಪಾರ್ಸೆಲ್ ಮಾಡಿ ವಿದೇಶಕ್ಕೆ ಕಳಿಸುವ ಹಾಗಿಲ್ಲ.

ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಕಡಿಮೆ ಮಾಡಿದ್ದು ಆ ರಿಬ್ಬನ್‌ಗೆ.

ಹೋಗುವವರು ಪದಕ ತೊಳೆಯದೆ ಹಾಗೇ ತನ್ನಿ, ಕಪ್ಪಾಗಿದ್ದರೆ ಕಪ್ಪಾಗಿಯೇ ಇರಲಿ. ರಬ್ಬರ್ ಬ್ಯಾಂಡ್ ಹಾಕಬೇಡಿ, ನ್ಯೂಸ್‌ಪೇಪರಲ್ಲಿ ಸುತ್ತಬೇಡಿ, ಹಳೆ ಕಾಟನ್ ಪಂಚೆಯ ತುಂಡು ಸಾಕು. ಮಳೆಗಾಲದಲ್ಲಿ ನಮ್ಮ ಊರಿನ ತೇವಕ್ಕೆ ಡಬ್ಬಿಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಇಡಲಿಕ್ಕೆ ಹೇಳಿದ್ದಾರೆ, ಹೊಸ ಚಪ್ಪಲಿ ಬಾಕ್ಸಿನಲ್ಲಿ ಬರುತ್ತದಲ್ಲ, ಅದೇ. ಅಂಗಡಿ ಸಂಜೆ ನಾಲ್ಕರ ಮೇಲೆ, ಸೋಮವಾರ ರಜೆ. ಬೈಕು ರಥಬೀದಿಯಲ್ಲೇ ಬಿಟ್ಟು ನಡೆದು ಇಳಿಯಿರಿ, ಓಣಿಯಲ್ಲಿ ತಿರುಗಿಸಲಿಕ್ಕೆ ಜಾಗ ಇಲ್ಲ.