ಎದೆಯುರಿ, ಬಾರದ ನಿದ್ದೆ ಮತ್ತು ನಾಲ್ಕು ಬಗೆಯ ಆರೈಕೆ: ಬೆಂಗಳೂರಿನಲ್ಲಿ ನಾನು ಕಂಡ ವ್ಯತ್ಯಾಸ

ರೋಗಕ್ಕಲ್ಲ, ರೋಗಿಗೆ ಚಿಕಿತ್ಸೆ ಎಂಬ ಮಾತನ್ನು ಬೆಂಗಳೂರಿನಲ್ಲಿ ಗಿಡಮೂಲಿಕೆ ಮದ್ದು ಕೊಡುವ ಬಹುತೇಕ ಎಲ್ಲರೂ ಹೇಳುತ್ತಾರೆ. ಆ ಮಾತು ಯಾರ ಕೈಯಲ್ಲಿ ಎಷ್ಟರಮಟ್ಟಿಗೆ ನಿಜವಾಗುತ್ತದೆ ಎಂಬುದನ್ನು ನನ್ನದೇ ದೇಹದ ಮೇಲೆ ನೋಡುವ ಸಂದರ್ಭ ನನಗೆ ಒದಗಿತು. ರಾತ್ರಿ ಊಟದ ನಂತರದ ಎದೆಯುರಿ, ಬೆಳಗಿನ ಹುಳಿತೇಗು, ಮಧ್ಯರಾತ್ರಿ ಕಳೆದರೂ ಹತ್ತದ ನಿದ್ದೆ ನನ್ನ ತೊಂದರೆಗಳು. ಇವುಗಳ ಜೊತೆಗೆ ರಕ್ತದೊತ್ತಡಕ್ಕೆ ನಿತ್ಯ ಒಂದು ಮಾತ್ರೆಯನ್ನು ಬಹಳ ವರ್ಷಗಳಿಂದ ನುಂಗುತ್ತಿದ್ದೇನೆ. ಇದೇ ದೂರುಗಳನ್ನು ಹಿಡಿದು ಆನ್‌ಲೈನ್‌ನಲ್ಲಿ ಪ್ರಶ್ನಾವಳಿ ತುಂಬಿಸಿಕೊಂಡು ಮದ್ದು ಕಳುಹಿಸುವ ಕಂಪನಿ, ಜಯನಗರದ ಆಯುರ್ವೇದ ಚಿಕಿತ್ಸಾಲಯ, ಮಾಗಡಿ ರಸ್ತೆಯ ಕೊಟ್ಟಿಗೆಪಾಳ್ಯದಲ್ಲಿರುವ ರಾಷ್ಟ್ರೀಯ ಯುನಾನಿ (ಗ್ರೀಕ್-ಅರಬ್ ಮೂಲದ ವೈದ್ಯ ಪದ್ಧತಿ) ವೈದ್ಯ ಸಂಸ್ಥೆ ಮತ್ತು ನಗರದ ಹೊರವಲಯದ ಒಂದು ಪ್ರಕೃತಿ ಚಿಕಿತ್ಸಾ ಕೇಂದ್ರ, ಈ ನಾಲ್ಕನ್ನೂ ಸಾಕಷ್ಟು ಅಂತರ ಬಿಟ್ಟು ಪ್ರಯತ್ನಿಸಿದೆ. ಕೇಳಿದ ಪ್ರಶ್ನೆಗಳು ಎಷ್ಟಿದ್ದವು ಎಂಬುದಕ್ಕಿಂತ, ನಾನು ಕೊಟ್ಟ ಉತ್ತರದಿಂದ ಮದ್ದಿನ ಚೀಟಿಯಲ್ಲಿ ಏನಾದರೂ ಬದಲಾಯಿತೇ ಎಂಬುದನ್ನೇ ನಾನು ಅಳತೆಗೋಲಾಗಿ ಇಟ್ಟುಕೊಂಡೆ.

ಆನ್‌ಲೈನ್ ಕಂಪನಿಯ ಪ್ರಶ್ನಾವಳಿ ಉದ್ದವಾಗಿತ್ತು. ಕೂದಲು ಒರಟೋ ನಯವೋ, ಕೋಪ ಬೇಗ ಬರುತ್ತದೆಯೋ, ಚಳಿ ತಡೆಯುತ್ತೀರೋ ಬಿಸಿಲು ತಡೆಯುತ್ತೀರೋ ಎಂದೆಲ್ಲ ಕೇಳಿ, ನನ್ನದು ಪಿತ್ತ ಪ್ರಧಾನ ಪ್ರಕೃತಿ, ಅಂದರೆ ಪಿತ್ತ ಹೆಚ್ಚಿರುವ ದೇಹಗುಣ ಎಂದು ಬಣ್ಣದ ಚಿತ್ರದೊಂದಿಗೆ ತೀರ್ಪು ಕೊಟ್ಟಿತು. ಬೇರೆ ಯಾವ ಔಷಧ ತೆಗೆದುಕೊಳ್ಳುತ್ತಿದ್ದೀರಿ ಎಂಬ ಪ್ರಶ್ನೆ ಮಾತ್ರ ಅದರಲ್ಲಿ ಎಲ್ಲಿಯೂ ಇರಲಿಲ್ಲ. ಬಂದ ಪೊಟ್ಟಣದಲ್ಲಿ ಆಮ್ಲಪಿತ್ತದ ಮಾತ್ರೆಯೂ ಅಶ್ವಗಂಧದ ಮಾತ್ರೆಯೂ ಇದ್ದವು. ಮೊದಲನೆಯದರ ಡಬ್ಬಿಯ ಮೇಲೆ ಘಟಕಗಳ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ, ಎಲ್ಲಕ್ಕಿಂತ ಹೆಚ್ಚು ಪ್ರಮಾಣದಲ್ಲಿ ಇದ್ದುದು ಜ್ಯೇಷ್ಠಮಧು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಜ್ಯೇಷ್ಠಮಧು ಗಂಟಲಿಗೂ ಹೊಟ್ಟೆಗೂ ತಂಪು ಎಂಬುದು ನಮ್ಮ ಮನೆಗಳಲ್ಲೆಲ್ಲ ಗೊತ್ತಿರುವ ಸಂಗತಿಯೇ, ನನಗೂ ಉರಿ ಇಳಿದದ್ದು ಸುಳ್ಳಲ್ಲ. ಆದರೆ ಅದರಲ್ಲಿರುವ ಗ್ಲಿಸಿರೈಝಿನ್ ಎಂಬ ಸಿಹಿಯಾದ ಅಂಶವು ಮೂತ್ರಪಿಂಡದಲ್ಲಿ ಕಾರ್ಟಿಸೋಲ್ ಹಾರ್ಮೋನನ್ನು ನಿಷ್ಕ್ರಿಯಗೊಳಿಸುವ ಕಿಣ್ವವನ್ನು ತಡೆಯುತ್ತದೆ. ಅದರಿಂದ ದೇಹವು ಉಪ್ಪು ಮತ್ತು ನೀರನ್ನು ಹಿಡಿದಿಟ್ಟುಕೊಂಡು ಪೊಟ್ಯಾಸಿಯಂ ಅನ್ನು ಹೊರಹಾಕುವುದರಿಂದ ರಕ್ತದೊತ್ತಡ ಏರುತ್ತದೆ. ಯುರೋಪಿಯನ್ ಒಕ್ಕೂಟದ ಆಹಾರ ತಜ್ಞರ ಸಮಿತಿ ಈ ಅಂಶದ ನಿತ್ಯ ಸೇವನೆಗೆ 100 ಮಿಲಿಗ್ರಾಂ ಮಿತಿಯನ್ನು ಸೂಚಿಸಿದೆ. ಡಬ್ಬಿಯ ಮೇಲೆ ಬೇರಿನ ಸಾರದ ತೂಕ ಇತ್ತೇ ಹೊರತು ಅದರೊಳಗೆ ಗ್ಲಿಸಿರೈಝಿನ್ ಎಷ್ಟಿದೆ ಎಂಬುದು ಇರಲಿಲ್ಲವಾದ್ದರಿಂದ ಲೆಕ್ಕ ಹಾಕುವುದಕ್ಕೂ ದಾರಿ ಇರಲಿಲ್ಲ. ನಮ್ಮ ಫಿಸಿಷಿಯನ್ ಡಬ್ಬಿಯನ್ನು ತಿರುಗಿಸಿ ನೋಡಿ, “ಬಿಪಿ ಇರೋರು ತಿಂಗಳುಗಟ್ಟಲೆ ತಗೊಳ್ಳೋ ಮಾತ್ರೆ ಅಲ್ಲ ಇದು” ಎಂದರು, ನಾನು ಬಿಟ್ಟೆ. ಕೂದಲಿನ ಗುಣವನ್ನೂ ಕೇಳಿ ತಿಳಿದುಕೊಂಡ ವ್ಯವಸ್ಥೆಯೊಂದು ರಕ್ತದೊತ್ತಡವನ್ನು ಕೇಳದೇ ಇದ್ದುದನ್ನು ನಾನು ಸಣ್ಣ ಲೋಪವೆಂದು ಎಣಿಸಲಾರೆ. ಅಶ್ವಗಂಧದ ಬಗ್ಗೆ ಹೇಳುವುದಾದರೆ, ನಿದ್ದೆಗೆ ಅದರಿಂದ ಅಷ್ಟಿಷ್ಟು ಅನುಕೂಲವಿದೆ ಎಂದು ತೋರಿಸುವ ಪ್ರಯೋಗಗಳಿವೆ, ಅಪರೂಪಕ್ಕೆ ಯಕೃತ್ತಿಗೆ ತೊಂದರೆಯಾದ ಪ್ರಕರಣಗಳೂ ವರದಿಯಾಗಿವೆ. ನನ್ನ ಮಟ್ಟಿಗೆ ಅದು ನಿದ್ದೆಯನ್ನು ತರಲಿಲ್ಲ, ಕೆಡಿಸಲೂ ಇಲ್ಲ.

ಜಯನಗರದ ವೈದ್ಯೆಯ ಬಳಿ ಎಲ್ಲವೂ ನಿಧಾನ. ಚರಕ ಸಂಹಿತೆ ರೋಗಿಯಲ್ಲಿ ಪರೀಕ್ಷಿಸಬೇಕೆಂದು ಹೇಳುವ ಹತ್ತು ವಿಷಯಗಳಲ್ಲಿ ಪ್ರಕೃತಿ ಒಂದು ಮಾತ್ರ. ಉಣ್ಣುವ ಮತ್ತು ಅರಗಿಸುವ ಶಕ್ತಿ, ವ್ಯಾಯಾಮದ ಶಕ್ತಿ, ಮನೋಬಲ, ಯಾವ ಆಹಾರ ಒಗ್ಗಿದೆ ಎಂಬ ಸಾತ್ಮ್ಯ, ವಯಸ್ಸು ಇವೆಲ್ಲವೂ ಆ ಪಟ್ಟಿಯಲ್ಲಿವೆ. ಆನ್‌ಲೈನ್ ಪ್ರಶ್ನಾವಳಿ ಪ್ರಕೃತಿಗೇ ನಿಂತಿತ್ತು, ಈಕೆ ಉಳಿದವುಗಳಿಗೆ ಹೆಚ್ಚು ಹೊತ್ತು ಕೊಟ್ಟರು. ನಾಡಿ ಹಿಡಿದದ್ದು ಅರೆ ನಿಮಿಷವಷ್ಟೆ. ನಾಲಿಗೆ ನೋಡಿದರು, ಹೊಟ್ಟೆ ಒತ್ತಿ ನೋಡಿದರು, ಬಿಪಿ ಮಾತ್ರೆಯ ಪಟ್ಟಿಯನ್ನು ಕೈಗೆ ತೆಗೆದುಕೊಂಡು ಹೆಸರು ಬರೆದುಕೊಂಡರು, ಆಮೇಲೆ ಸಕ್ಕರೆಯ ಪರೀಕ್ಷೆ ಮಾಡಿಸಿ ಬನ್ನಿ ಎಂದು ಮದ್ದಿಲ್ಲದೆಯೇ ಕಳುಹಿಸಿದರು.

ಸಕ್ಕರೆಯ ಪರೀಕ್ಷೆ ಏಕೆಂಬುದು ಮುಂದಿನ ಭೇಟಿಯಲ್ಲಿ ತಿಳಿಯಿತು. ಅವರು ಕೊಡಲಿದ್ದ ಅವಿಪತ್ತಿಕರ ಚೂರ್ಣದ ಶಾಸ್ತ್ರೋಕ್ತ ಪಾಠದಲ್ಲಿ ಶುಂಠಿ, ಮೆಣಸು, ಹಿಪ್ಪಲಿ, ತ್ರಿಫಲೆ, ಭದ್ರಮುಷ್ಟಿ ಮೊದಲಾದ ಹನ್ನೊಂದು ದ್ರವ್ಯಗಳು ಒಂದೊಂದು ಪಾಲು, ಲವಂಗ 11 ಪಾಲು, ಬಿಳಿ ತಿಗಡೆಯ ಬೇರು 44 ಪಾಲು, ಸಕ್ಕರೆ 66 ಪಾಲು. ಕೂಡಿಸಿದರೆ 132, ಅಂದರೆ ಚೂರ್ಣದ ಸರಿಯಾಗಿ ಅರ್ಧ ಸಕ್ಕರೆ, ಮೂರನೆಯ ಒಂದು ಪಾಲು ಭೇದಿ ಮಾಡಿಸುವ ಬೇರು. ಎದೆಯುರಿಗೆಂದು ಅಂಗಡಿಯಲ್ಲಿ ಕೇಳಿ ಕೊಳ್ಳುವ ಎಷ್ಟು ಜನರಿಗೆ ಇದು ಗೊತ್ತಿರುತ್ತದೆಯೋ ಕಾಣೆ. ಮೊದಲ ವಾರದಲ್ಲಿ ನನಗೆ ಬೆಳಿಗ್ಗೆ ಎರಡೆರಡು ಸಲ ಹೊರಗೆ ಹೋಗುವಂತಾದಾಗ ಅವರು ಪ್ರಮಾಣವನ್ನು ಅರ್ಧಕ್ಕೆ ಇಳಿಸಿ, ರಾತ್ರಿಯ ಸರದಿಯನ್ನು ತೆಗೆದೇಬಿಟ್ಟರು. ನಾನು ಕೊಟ್ಟ ಉತ್ತರದಿಂದ ಚೀಟಿ ಬದಲಾದದ್ದು ಹೀಗೆ.

ಅಮೃತಬಳ್ಳಿ ಕಷಾಯವನ್ನೂ ಹೇಳಿದ್ದರು, ಆದರೆ ಕೆಲವೇ ವಾರಗಳ ಮಟ್ಟಿಗೆ, ಯಕೃತ್ತಿನ ರಕ್ತಪರೀಕ್ಷೆ ಸರಿಯಿದೆ ಎಂದು ಖಚಿತಪಡಿಸಿಕೊಂಡ ಮೇಲೆ. ಕೊರೊನಾ ಕಾಲದಲ್ಲಿ ನಮ್ಮ ಬೀದಿಯ ಕಾಂಪೌಂಡುಗಳ ಮೇಲೆಲ್ಲ ಹಬ್ಬಿದ್ದ ಬಳ್ಳಿ ಇದು. ಇದನ್ನು ಸೇವಿಸಿದ್ದವರಲ್ಲಿ ಯಕೃತ್ತಿನ ಉರಿಯೂತ ಕಂಡ ಪ್ರಕರಣಗಳನ್ನು 2021ರಲ್ಲಿ ಮುಂಬೈನ ವೈದ್ಯರು ಪ್ರಕಟಿಸಿದ್ದರು. ಆಯುಷ್ ಸಚಿವಾಲಯ ಅದನ್ನು ಒಪ್ಪದೆ, ಅದೇ ಕುಲದ ಬೇರೆ ಬಳ್ಳಿಯ ಬಳಕೆಯಾಗಿರಬಹುದು ಎಂದು ವಾದಿಸಿತು. ಯಾವ ವಾದ ಸರಿಯೇ ಆಗಿರಲಿ, ಕಾಂಪೌಂಡಿನಿಂದ ಕಿತ್ತು ಕುದಿಸುವವರಿಗೆ ಎರಡೂ ಎಚ್ಚರಿಕೆಯೇ. ಕಷಾಯ ಮಾಡುವುದಂತೂ ತಾಳ್ಮೆಯ ಕೆಲಸ. ತರಿತರಿಯಾಗಿ ಕುಟ್ಟಿದ ದ್ರವ್ಯ ಒಂದು ಪಾಲಿಗೆ ಹದಿನಾರು ಪಾಲು ನೀರು ಹಾಕಿ ಎಂಟನೆಯ ಒಂದು ಪಾಲಿಗೆ ಇಳಿಸಬೇಕೆಂದು ಶಾರ್ಙ್ಗಧರ ಸಂಹಿತೆ ಎಂಬ ಆಯುರ್ವೇದ ಗ್ರಂಥ ಹೇಳುತ್ತದೆ. ಗ್ಯಾಸ್ ಒಲೆಯ ಸಣ್ಣ ಉರಿಯಲ್ಲಿ ಮುಚ್ಚಳವಿಲ್ಲದೆ ಅದು ಇಳಿಯುವ ಹೊತ್ತಿಗೆ ಅಡುಗೆಮನೆಯಿಡೀ ಕಹಿ ವಾಸನೆ ತುಂಬಿ, ಮನೆಯವರ ಸಹನೆಯೂ ಎಂಟನೆಯ ಒಂದು ಪಾಲಿಗೆ ಇಳಿದಿರುತ್ತದೆ. ಗ್ರಂಧಿಗೆ ಅಂಗಡಿಯಲ್ಲಿ ಸಿಗುವ ನುಣ್ಣನೆಯ ಪುಡಿ ತಳ ಹಿಡಿಯುವುದರಿಂದ ಕಷಾಯಕ್ಕೆ ಸಲ್ಲದು.

ಪಥ್ಯದಲ್ಲಿ ಆಕೆ ಕಠಿಣರೇನಲ್ಲ. ಹುಳಿ ಹೆಚ್ಚಾದ ದೋಸೆ ಹಿಟ್ಟು, ಬರಿಹೊಟ್ಟೆಯ ಫಿಲ್ಟರ್ ಕಾಫಿ, ಸಂಜೆಯ ಮೆಣಸಿನಕಾಯಿ ಬಜ್ಜಿ ಈ ಮೂರನ್ನು ಬಿಡಿಸಿ, ಉಳಿದದ್ದಕ್ಕೆ ಕೈ ಹಾಕಲಿಲ್ಲ. ಎದೆಯುರಿಯ ಮಟ್ಟಿಗೆ ನನಗೆ ನಾಲ್ಕರಲ್ಲಿ ಹೆಚ್ಚು ಉಪಯೋಗಕ್ಕೆ ಬಂದದ್ದು ಈ ಚಿಕಿತ್ಸೆಯೇ, ಆದರೆ ಅದರಲ್ಲಿ ಚೂರ್ಣದ ಪಾಲೆಷ್ಟು, ಬಿಟ್ಟ ಕಾಫಿಯ ಪಾಲೆಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ.

ಕೇಂದ್ರ ಸರ್ಕಾರದ ರಾಷ್ಟ್ರೀಯ ಯುನಾನಿ ವೈದ್ಯ ಸಂಸ್ಥೆ 1984ರಲ್ಲಿ ಸ್ಥಾಪನೆಯಾದದ್ದು. ನನಗೆ ಅಲ್ಲಿ ಅತ್ಯಂತ ಮೆಚ್ಚುಗೆಯಾದದ್ದು ಕೇಳುವ ಕ್ರಮ. ಯುನಾನಿಯಲ್ಲಿ ಬದುಕಿಗೆ ಅನಿವಾರ್ಯವಾದ ಆರು ಅಂಶಗಳ ಲೆಕ್ಕವೊಂದಿದೆ: ಗಾಳಿ, ಅನ್ನಪಾನ, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ದೆ ಮತ್ತು ಎಚ್ಚರ, ವಿಸರ್ಜನೆ ಮತ್ತು ಧಾರಣೆ. ಮನಸ್ಸಿನ ವಿಶ್ರಾಂತಿಯನ್ನು ನಿದ್ದೆಯಿಂದ ಬೇರೆಯಾಗಿ ಎಣಿಸಿರುವುದನ್ನು ಗಮನಿಸಿ. ಮಲಗುವ ಮುನ್ನದ ಒಂದು ಗಂಟೆಯಲ್ಲಿ ನೀವು ಏನು ಮಾಡುತ್ತೀರಿ ಸರ್ ಎಂದು ಕೇಳಿದ್ದು ಅಲ್ಲಿನ ಯುವ ಹಕೀಮರೊಬ್ಬರೇ. ಕೊಟ್ಟದ್ದು ಜವಾರಿಶ್, ನಮ್ಮ ಲೇಹ್ಯದ ಹದದ, ನೆಲ್ಲಿಕಾಯಿಯ ಒಗರಿರುವ ಸಿಹಿ ಮದ್ದು. ಜ್ಯೇಷ್ಠಮಧುವನ್ನು ಅಸ್ಲ್-ಉಸ್-ಸೂಸ್ ಎಂಬ ಹೆಸರಿನಲ್ಲಿ ಇವರೂ ಧಾರಾಳವಾಗಿ ಬಳಸುತ್ತಾರೆ. ನನ್ನ ಬಿಪಿಯ ವಿಷಯ ತಿಳಿದ ಮೇಲೆ ಅದನ್ನು ಬರೆಯಲಿಲ್ಲ. ಖರ್ಚಿನ ದೃಷ್ಟಿಯಿಂದ ಇದಕ್ಕೆ ಸಾಟಿಯಿಲ್ಲ. ನನ್ನ ಅಡ್ಡಿ ಊರಿನದು: ಬನಶಂಕರಿಯಿಂದ ಬೆಳಗಿನ ದಟ್ಟಣೆಯಲ್ಲಿ ಕೊಟ್ಟಿಗೆಪಾಳ್ಯ ತಲುಪಿ ಹಿಂದಿರುಗುವುದೆಂದರೆ ಅರ್ಧ ದಿನದ ರಜೆ. ವಿಜಯನಗರ, ನಾಗರಭಾವಿ ಕಡೆಯವನಾಗಿದ್ದರೆ ನಾನು ಬಹುಶಃ ಇಲ್ಲೇ ಮುಂದುವರಿಯುತ್ತಿದ್ದೆ.

ಪ್ರಕೃತಿ ಚಿಕಿತ್ಸಾ ಕೇಂದ್ರದ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಏಕೆಂದರೆ ಅಲ್ಲಿ ಮದ್ದೇ ಇಲ್ಲ. ಹೊಟ್ಟೆಯ ಮೇಲೆ ಮಣ್ಣಿನ ಪಟ್ಟಿ, ಬೂದುಗುಂಬಳದ ರಸ, ಸೂರ್ಯ ಮುಳುಗುವ ಮೊದಲೇ ಊಟ, ರಾತ್ರಿ ಫೋನಿಗೆ ನಿಷೇಧ. ಖರ್ಚು ಉಳಿದ ಮೂರನ್ನೂ ಸೇರಿಸಿದರೂ ಮೀರುವಷ್ಟು. ಉಪವಾಸ ಮಾಡಿಸುವ ಮೊದಲು ಮತ್ತು ನಂತರ ರಕ್ತದೊತ್ತಡವನ್ನು ತಪ್ಪದೆ ಅಳೆಯುತ್ತಿದ್ದರು. ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುವವರನ್ನು ಉಪವಾಸದಿಂದ ಹೊರಗಿಟ್ಟಿದ್ದರು ಎಂಬುದನ್ನು ಮೆಚ್ಚಿ ಹೇಳಬೇಕು. ಅಚ್ಚರಿಯೆಂದರೆ, ಯಾವ ಬೇರೂ ಎಲೆಯೂ ಇಲ್ಲದೆ ನನಗೆ ಒಂದೆರಡು ರಾತ್ರಿಗಳಲ್ಲೇ ಗಾಢ ನಿದ್ದೆ ಬಂದದ್ದು ಅಲ್ಲಿ. ಮನೆಗೆ ಮರಳಿದ ವಾರದಲ್ಲೇ ಅದು ಹೋಯಿತು.

ಇದನ್ನು ಜಯನಗರದ ವೈದ್ಯೆಗೆ ಹೇಳಿದಾಗ ಅವರು ನಿದ್ದೆಗೆಂದು ಬರೆಯಬೇಕೆಂದಿದ್ದ ಮದ್ದನ್ನು ಬರೆಯದೆ, ರಾತ್ರಿ ಅಮೆರಿಕದವರ ಜೊತೆ ನಡೆಯುವ ನನ್ನ ಆಫೀಸಿನ ಮೀಟಿಂಗು ಎಷ್ಟು ಹೊತ್ತಿಗೆ ಮುಗಿಯುತ್ತದೆ, ಊಟ ಅದಕ್ಕೆ ಮೊದಲೋ ಆಮೇಲೋ ಎಂದು ಕೇಳಿದರು. ಹನ್ನೊಂದಕ್ಕೆ ಮುಗಿಯುತ್ತದೆ, ಊಟ ಆಮೇಲೆ ಎಂದೆ. “ಊಟ ಏಳೂವರೆಗೇ ಮುಗಿಸಿ ಮೀಟಿಂಗಿಗೆ ಕೂತ್ಕೊಳ್ಳಿ. ಮೀಟಿಂಗ್ ವಾರಕ್ಕೆ ಎರಡು ದಿನಕ್ಕೆ ಇಳಿಸೋಕಾಗುತ್ತಾ ಅಂತ ಆಫೀಸಲ್ಲಿ ಕೇಳಿ ನೋಡಿ, ಆಮೇಲೆ ಮದ್ದಿನ ಮಾತು” ಎಂದರು. ಊಟದ ಹೊತ್ತು ಬದಲಾಗಿದೆ, ಚೂರ್ಣ ಈಗ ಬೇಕೆನಿಸಿದಾಗ ಮಾತ್ರ. ಆಫೀಸಿನವರು ಮೂರು ದಿನಕ್ಕೆ ಒಪ್ಪಿದ್ದಾರೆ. ಆ ಮೂರು ರಾತ್ರಿ ನಿದ್ದೆ ಇನ್ನೂ ತಡವಾಗಿಯೇ ಬರುತ್ತದೆ.