ಕಾರ್ಬನ್ ಸ್ಟೀಲ್ ಪ್ಯಾನ್: ಹೋಟೆಲಿನ ಕಾವು ಮನೆ ಒಲೆಗೆ ಬಂದರೆ

ಹೊರಗೆ ತಿಂದು ಬಂದದ್ದನ್ನು ಮನೆಯಲ್ಲಿ ಮಾಡಲು ಹೊರಟವರು ಮೊದಲು ಮಸಾಲೆಯ ಗುಟ್ಟು ಹುಡುಕುತ್ತಾರೆ. ಗುಟ್ಟು ಬಹಳ ಸಲ ಅಲ್ಲಿರುವುದೇ ಇಲ್ಲ. ರೆಸ್ಟೋರೆಂಟಿನ ಹುರಿದ ಅಣಬೆಯ ಅಂಚು ಕಂದುಗಟ್ಟಿರುತ್ತದೆ, ಮನೆಯದು ತಾನೇ ಬಿಟ್ಟ ನೀರಿನಲ್ಲಿ ಬೆಂದು ಮೆತ್ತಗಾಗಿರುತ್ತದೆ. ಉಪ್ಪು, ಮೆಣಸು, ಬೆಳ್ಳುಳ್ಳಿ ಎರಡಕ್ಕೂ ಒಂದೇ. ವ್ಯತ್ಯಾಸವೆಲ್ಲ ಪಾತ್ರೆ ಹಿಡಿದಿಟ್ಟುಕೊಂಡ ಕಾವಿನದು. ದೊಡ್ಡ ಅಡುಗೆಮನೆಗಳಲ್ಲಿ ಕೊಕ್ಕೆಗೆ ನೇತುಹಾಕಿರುವ, ನೋಡಲು ಅಷ್ಟೇನೂ ಚಂದವಲ್ಲದ ಕಪ್ಪು ಕಾರ್ಬನ್ ಸ್ಟೀಲ್ ಪ್ಯಾನ್ ಈಗ ಮನೆಬಳಕೆಗೂ ಸಿಗುತ್ತದೆ. ಇಲ್ಲಿ ನೋಡುತ್ತಿರುವುದು 28 ಸೆಂ.ಮೀ. ಅಗಲದ, 2.5 ಮಿ.ಮೀ. ದಪ್ಪದ ಪ್ಯಾನನ್ನು.

ಹೆಸರು ಹೊಸದು, ಲೋಹ ಹಳೆಯದೇ. ಸುಮಾರು ಶೇ. 99 ಕಬ್ಬಿಣ, ಶೇ. 1ರ ಒಳಗೆ ಇಂಗಾಲ. ಬೀಡು ಕಬ್ಬಿಣದಲ್ಲಿ ಇಂಗಾಲ ಶೇ. 2ಕ್ಕಿಂತ ಹೆಚ್ಚು, ಅದನ್ನು ಅಚ್ಚಿಗೆ ಎರಕ ಹೊಯ್ಯುವುದರಿಂದ ಗೋಡೆ ದಪ್ಪ, ಕೈಜಾರಿ ಬಿದ್ದರೆ ಒಡೆಯಲೂಬಹುದು. ಇದನ್ನು ತಗಡಿನಿಂದ ಒತ್ತಿ ಮಾಡುತ್ತಾರೆ. ಬಿದ್ದರೆ ನೆಲದ ಟೈಲ್ಸ್ ಬಗ್ಗೆ ಚಿಂತಿಸಬೇಕೇ ಹೊರತು ಪ್ಯಾನ್ ಬಗ್ಗೆ ಅಲ್ಲ.

ಕೊಳ್ಳುವಾಗ ಎಡವುವುದು ಅಳತೆಯಲ್ಲಿ. 28 ಸೆಂ.ಮೀ. ಎನ್ನುವುದು ಬಾಯಿಯ ಅಗಲ. ಅಂಚು ಓರೆಯಾಗಿರುವುದರಿಂದ ಸಮತಟ್ಟಾದ ತಳ ಸಿಗುವುದು 20 ಸೆಂ.ಮೀ. ಆಸುಪಾಸು. ಎರಡು ಮೀನಿನ ತುಂಡು ಆರಾಮಾಗಿ ಕೂರುತ್ತವೆ, ನಾಲ್ಕು ಕೂರುವುದಿಲ್ಲ. ಇನ್ನು ದಪ್ಪ. 1.5 ಮಿ.ಮೀ. ಇದ್ದರೆ ಕೈಗೆ ಹಗುರ, ಆದರೆ ತಣ್ಣನೆಯ ಪದಾರ್ಥ ಬಿದ್ದ ಕೂಡಲೇ ಕಾವು ಇಳಿದುಹೋಗುತ್ತದೆ, ತಳ ಸೊಟ್ಟಗಾಗುವ ಭಯವೂ ಹೆಚ್ಚು. 3 ಮಿ.ಮೀ. ಕಾವನ್ನು ಚೆನ್ನಾಗಿ ಹಿಡಿಯುತ್ತದೆ, ಆದರೆ ತೂಕ ಎರಡು ಕೆ.ಜಿ. ದಾಟುತ್ತದೆ, ಒಂದೇ ಕೈಯಲ್ಲಿ ಎತ್ತಿ ಹಾರಿಸಿ ಮಗುಚುವ ಆಸೆ ಅಲ್ಲಿಗೆ ಮುಗಿಯಿತು. 2.5 ಮಿ.ಮೀ. ನಡುವಿನ ದಾರಿ, ಮನೆಗೆ ಇದೇ ಸರಿ.

ಹೊಸ ಪ್ಯಾನ್ ಬೂದುಬಣ್ಣಕ್ಕಿದ್ದು ಮುಟ್ಟಿದರೆ ಮೇಣದಂತೆ ಜಾರುತ್ತದೆ. ತುಕ್ಕು ಹಿಡಿಯದಿರಲಿ ಎಂದು ಕಾರ್ಖಾನೆಯಲ್ಲಿ ಹಚ್ಚಿದ ಎಣ್ಣೆಯೋ ಜೇನುಮೇಣವೋ ಅದು. ಕುದಿಯುವಷ್ಟು ಬಿಸಿ ನೀರು, ಸೋಪು, ಒರಟು ನಾರು ಹಾಕಿ ಎರಡು ಮೂರು ಸಲ ತಿಕ್ಕಬೇಕು. ಬಿಳಿ ಬಟ್ಟೆಯಲ್ಲಿ ಒರೆಸಿದಾಗ ಕಂದು ಜಿಡ್ಡು ಬರುತ್ತಿದ್ದರೆ ಇನ್ನೂ ಹೋಗಿಲ್ಲ ಎಂದರ್ಥ. ಈ ಹಂತ ಅವಸರ ಮಾಡಿದರೆ ಮುಂದೆ ಪಳಗಿಸಿದ ಪದರ ಲೋಹಕ್ಕೆ ಹಿಡಿಯದೆ ಸಿಪ್ಪೆಯಂತೆ ಏಳುತ್ತದೆ.

ಪಳಗಿಸುವುದೆಂದರೆ ಎಣ್ಣೆಯನ್ನು ಕಾಯಿಸಿ ಗಟ್ಟಿ ಪದರವಾಗಿ ಕೂರಿಸುವುದು, ಅಷ್ಟೇ. ತೊಳೆದ ಪ್ಯಾನನ್ನು ಒಲೆಯ ಮೇಲಿಟ್ಟು ಪೂರ್ತಿ ಒಣಗಿಸಿ. ಕಾವು ಏರಿದಂತೆ ಲೋಹ ಮೊದಲು ಒಣಹುಲ್ಲಿನ ಬಣ್ಣಕ್ಕೆ, ಆಮೇಲೆ ಕಂದು, ನೇರಳೆ, ಸುಮಾರು 300 ಡಿಗ್ರಿ ಸೆಲ್ಸಿಯಸ್‌ಗೆ ನೀಲಿಗೆ ತಿರುಗುತ್ತದೆ. ಇದು ಹಾಳಾದದ್ದಲ್ಲ, ನೋಡಲೂ ಸೊಗಸು. ಉರಿ ಆರಿಸಿ ಸ್ವಲ್ಪ ಆರಲು ಬಿಟ್ಟು, ಅರ್ಧ ಚಮಚ ರಿಫೈಂಡ್ ಸೂರ್ಯಕಾಂತಿ ಎಣ್ಣೆಯನ್ನು ಹತ್ತಿ ಬಟ್ಟೆಯಲ್ಲಿ ಒಳಗೂ ಹೊರಗೂ ಸವರಿ. ಈಗ ಒಣ ಬಟ್ಟೆ ತೆಗೆದುಕೊಂಡು ಹಚ್ಚಿದ ಎಣ್ಣೆಯನ್ನೆಲ್ಲ ಒರೆಸಿಬಿಡಿ. ಮಿನುಗು ಉಳಿದರೆ ಸಾಕು, ಒದ್ದೆ ಕಾಣಬಾರದು. ಮತ್ತೆ ಒಲೆಗಿಟ್ಟು ಹೊಗೆ ಎದ್ದು, ಹೊಗೆ ನಿಲ್ಲುವವರೆಗೆ ಕಾಯಿಸಿ, ಕಿಟಕಿ ತೆರೆದಿರಲಿ. ಹೀಗೆ ಮೂರು ನಾಲ್ಕು ಸುತ್ತು. ಒಲೆಗಿಂತ ಓವನ್ ಸಲೀಸು: ಬೋರಲು ಹಾಕಿ 230 ಡಿಗ್ರಿಯಲ್ಲಿ ಒಂದು ಗಂಟೆ. ಹಿಡಿಗೆ ಬಣ್ಣವೋ ರಬ್ಬರಿನಂಥ ಕವಚವೋ ಇದ್ದರೆ ಮಾತ್ರ ಓವನ್ ಸಹವಾಸ ಬೇಡ.

ಎಣ್ಣೆ ಹೆಚ್ಚಾದರೆ ಪದರ ಗಟ್ಟಿಯಾಗದೆ ಅಂಟಂಟಾಗಿ, ಹನಿಹನಿ ಕಲೆಯಾಗಿ ನಿಲ್ಲುತ್ತದೆ. ‘ಪ್ಯಾನ್ ಸರಿಯಿಲ್ಲ’ ಎನ್ನುವ ದೂರುಗಳಲ್ಲಿ ಬಹುಪಾಲು ಇದೇ. ಇನ್ನೊಮ್ಮೆ ಒಂದು ಗಂಟೆ ಓವನ್‌ನಲ್ಲಿಟ್ಟರೆ ತೆಳು ಅಂಟು ಗಟ್ಟಿಯಾಗುತ್ತದೆ. ಮಂದವಾಗಿದ್ದರೆ ತಿಕ್ಕಿ ತೆಗೆದು ಮೊದಲಿನಿಂದ ಶುರು. ಅಗಸೆ ಎಣ್ಣೆಯೇ ಶ್ರೇಷ್ಠ ಎಂಬ ಮಾತು ಚಾಲ್ತಿಯಲ್ಲಿದೆ. ಅದರ ಪದರ ಕನ್ನಡಿಯಂತೆ ಹೊಳೆಯುವುದು ನಿಜ, ಚಕ್ಕೆಯಾಗಿ ಏಳುವುದೂ ಅಷ್ಟೇ ನಿಜ.

ಈಗ ಮೊಟ್ಟೆ. ನಾನ್‌ಸ್ಟಿಕ್‌ನಿಂದ ಬಂದವರು ಕೈಬಿಡುವುದು ಇಲ್ಲೇ. ಪ್ಯಾನನ್ನು ಮಧ್ಯಮ ಉರಿಯಲ್ಲಿ ಮೂರು ನಿಮಿಷ ಕಾಯಿಸಿ, ಉರಿ ತಗ್ಗಿಸಿ, ಒಂದು ಚಮಚ ಬೆಣ್ಣೆ ಹಾಕಿ. ನೊರೆ ಎದ್ದು, ಚಟಪಟ ಸದ್ದು ಇಳಿಯುವ ಹೊತ್ತಿಗೆ ಮೊಟ್ಟೆ ಒಡೆದು ಬಿಡಿ. ಬಿಳಿ ಭಾಗ ಅಂಚಿನಲ್ಲಿ ಸಣ್ಣಗೆ ನೆರಿಗೆಗಟ್ಟುತ್ತದೆ. ಆಗಲೇ ಮಗುಚುವ ಕೈ ತೂರಿಸಿದರೆ ಹರಿದುಹೋಗುತ್ತದೆ. ಒಂದು ನಿಮಿಷ ಬಿಟ್ಟು ಪ್ಯಾನನ್ನು ಅಲುಗಿಸಿ, ಮೊಟ್ಟೆ ತಾನೇ ಜಾರುತ್ತದೆ. ಬೆಣ್ಣೆ ಹಾಕಿದ ತಕ್ಷಣ ಕಂದಾದರೆ ಕಾವು ಜಾಸ್ತಿ, ಸದ್ದೇ ಬರದಿದ್ದರೆ ಕಡಿಮೆ. ಮಾಂಸ, ಮೀನಿಗೂ ಇದೇ ತಾಳ್ಮೆ ಬೇಕು: ಮೇಲಿನ ತೇವವನ್ನು ಒತ್ತಿ ಒರೆಸಿ ಹಾಕಿದರೆ ಅಡಿಭಾಗ ಕಂದುಗಟ್ಟಿದ ಮೇಲೆ ತಾನಾಗಿ ಬಿಡುತ್ತದೆ.

ಅಣಬೆಗೆ ಮರಳಿದರೆ, ಅದರಲ್ಲಿ ಶೇ. 90ರಷ್ಟು ನೀರೇ. ಅರ್ಧ ಕೆ.ಜಿ. ಒಟ್ಟಿಗೆ ಸುರಿದರೆ ಯಾವ ಪ್ಯಾನೂ ಸೋಲುತ್ತದೆ. ಕಾವೆಲ್ಲ ಆ ನೀರನ್ನು ಆವಿ ಮಾಡಲಿಕ್ಕೇ ಖರ್ಚಾಗುತ್ತದೆ. 200 ಗ್ರಾಂ, ಒಂದೇ ಪದರ, ಉಪ್ಪು ಕೊನೆಗೆ. ಆಗ ಅಂಚು ಕಂದಾಗುತ್ತದೆ, ರೆಸ್ಟೋರೆಂಟಿನ ಆ ಪರಿಮಳ ಬರುತ್ತದೆ. ನಾನ್‌ಸ್ಟಿಕ್‌ನಲ್ಲಿ ಇಷ್ಟು ಕಾಯಿಸಲು ಧೈರ್ಯ ಸಾಲದು, ಏಕೆಂದರೆ ಆ ಲೇಪ 260 ಡಿಗ್ರಿ ದಾಟಿದರೆ ಕೆಡಲು ಶುರು.

ಇದರ ದೌರ್ಬಲ್ಯ ಹುಳಿ. ಟೊಮೆಟೊ, ನಿಂಬೆ, ವಿನೆಗರ್ ಹತ್ತು ನಿಮಿಷ ಕುದ್ದರೆ ಪಳಗಿದ ಪದರ ಕರಗಿ ಸಾರು ಕಪ್ಪಾಗುತ್ತದೆ, ಬಾಯಿಗೆ ಕಬ್ಬಿಣದ ರುಚಿ ಬರುತ್ತದೆ. ಟೊಮೆಟೊ ಸಾಸ್‌ಗೆ ಸ್ಟೇನ್‌ಲೆಸ್ ಪಾತ್ರೆಯೇ ಇರಲಿ. ಇಂಡಕ್ಷನ್ ಒಲೆಯವರು ಇನ್ನೂ ಹುಷಾರಾಗಿರಬೇಕು. ಈ ಲೋಹದಲ್ಲಿ ಶಾಖ ಹರಡುವುದು ಅಲ್ಯೂಮಿನಿಯಮ್ಮಿಗಿಂತ ನಾಲ್ಕೈದು ಪಟ್ಟು ನಿಧಾನ. ಮೊದಲ ಕ್ಷಣದಿಂದಲೇ ಪೂರ್ತಿ ಪವರ್ ಕೊಟ್ಟರೆ ನಡುಭಾಗ ಮಾತ್ರ ಹಿಗ್ಗಿ ತಳ ಉಬ್ಬುತ್ತದೆ, ಪ್ಯಾನ್ ಬುಗುರಿಯಂತೆ ತಿರುಗತೊಡಗುತ್ತದೆ. ಕಡಿಮೆ ಪವರ್‌ನಲ್ಲಿ ಮೂರು ನಾಲ್ಕು ನಿಮಿಷ ಕಾಯಿಸಿ ಆಮೇಲೆ ಏರಿಸಿ. ಕಾದ ಪ್ಯಾನನ್ನು ನಲ್ಲಿ ಕೆಳಗೆ ಹಿಡಿಯುವ ಅಭ್ಯಾಸವಿದ್ದರೆ ಅದೂ ತಳ ಸೊಟ್ಟಗಾಗಿಸುತ್ತದೆ.

ತೊಳೆಯಲು ಬಿಸಿ ನೀರು, ಬ್ರಷ್. ಒಂದು ಹನಿ ಸೋಪಿನಿಂದ ಏನೂ ಆಗದು, ಗಟ್ಟಿಯಾದ ಪದರ ಸೋಪಿಗೆ ಹೋಗುವಂಥದ್ದಲ್ಲ. ಡಿಶ್‌ವಾಷರ್ ಮಾತ್ರ ಖಂಡಿತ ಬೇಡ. ತೊಳೆದ ಕೂಡಲೇ ಒಲೆಯ ಮೇಲೆ ಒಂದು ನಿಮಿಷ ಇಟ್ಟು ಒಣಗಿಸಿ. ಬಟ್ಟೆಯಲ್ಲಿ ಒರೆಸಿ ಬಿಟ್ಟರೆ ಹಿಡಿ ಸೇರುವ ರಿವೆಟ್‌ಗಳ ಸುತ್ತ ನೀರು ಉಳಿದು ಬೆಳಗಾಗುವಷ್ಟರಲ್ಲಿ ಕಿತ್ತಳೆ ತುಕ್ಕು. ಅದನ್ನು ಸ್ಟೀಲ್ ನಾರಿನಲ್ಲಿ ತಿಕ್ಕಿ, ಅಷ್ಟು ಭಾಗಕ್ಕೆ ಮತ್ತೊಮ್ಮೆ ಎಣ್ಣೆ ಸವರಿ ಕಾಯಿಸಿದರೆ ಸರಿಹೋಗುತ್ತದೆ. ರಿವೆಟ್ ಬದಲು ಬೆಸೆದ ಹಿಡಿಯ ಪ್ಯಾನ್ ಸಿಕ್ಕರೆ ಈ ತಾಪತ್ರಯವೇ ಇಲ್ಲ.

ಬೆಳಗಿನ ಅವಸರದಲ್ಲಿ ಒಂದು ಮೊಟ್ಟೆ ಬೇಯಿಸಿ, ಪಾತ್ರೆಯನ್ನು ಸಂಜೆವರೆಗೆ ಸಿಂಕಿನಲ್ಲಿ ನೆನೆಹಾಕುವ ಮನೆಗೆ ಇದು ಹೇಳಿಸಿದ್ದಲ್ಲ. ಮಿಕ್ಕವರು ಅಂಗಡಿಯಲ್ಲೇ ಒಂದು ಸ್ಕೇಲನ್ನು ಪ್ಯಾನಿನ ತಳಕ್ಕೆ ಹೊರಗಿನಿಂದ ಅಡ್ಡ ಇಟ್ಟು ನೋಡಿ. ನಡುವೆ ಕೂದಲೆಳೆಯಷ್ಟು ಸಂದಿ ಇದ್ದರೆ ಒಳ್ಳೆಯದೇ, ಕಾದಾಗ ತಳ ಸಮವಾಗುತ್ತದೆ. ಸ್ಕೇಲು ನಡುವಿನ ಉಬ್ಬಿನ ಮೇಲೆ ನಿಂತು ಆಚೀಚೆ ಅಲ್ಲಾಡಿದರೆ ಇನ್ನೊಂದು ಪ್ಯಾನ್ ತೆಗೆಸಿ.