ಸ್ಟೆಪ್ನಿ ಇತ್ತು, ಜಾಕ್ ಇತ್ತು, ನಟ್ ಮಾತ್ರ ಕದಲಲಿಲ್ಲ

ಮಲ್ಪೆ, ಕಾಪು, ಮರವಂತೆ, ಭಟ್ಕಳ, ಹೀಗೆ ಕಡಲಿನ ಸದ್ದು ಕೇಳುವಷ್ಟು ಹತ್ತಿರ ಮನೆ ಮಾಡಿಕೊಂಡು ಕಾರನ್ನು ತೆಂಗಿನ ಮರದಡಿ ನಿಲ್ಲಿಸುವವರು ಇದನ್ನು ಅರ್ಧಕ್ಕೆ ಬಿಟ್ಟು ಎದ್ದು ಹೋಗಿ ತಮ್ಮ ಕಾರಿನ ಚಕ್ರದ ಪ್ಲಾಸ್ಟಿಕ್ ಮುಚ್ಚಳ ತೆಗೆದು ಒಳಗಿನ ನಟ್‌ಗಳಿಗೆ ತುಕ್ಕು ಹಿಡಿದಿದೆಯೇ ಎಂದು ನೋಡಿದರೆ ನನಗೆ ಬೇಸರವಿಲ್ಲ. ನಾನು ಹಾಗೆ ನೋಡದೆ ಮೂರು ವರ್ಷ ಕಳೆದಿದ್ದೆ. ನೋಡಿದ್ದು ಜುಲೈ ತಿಂಗಳ ಒಂದು ಮಧ್ಯಾಹ್ನ, ಆಗುಂಬೆ ಘಾಟಿಯ ಬುಡದಲ್ಲಿ, ಸುರಿಯುವ ಮಳೆಯಲ್ಲಿ.

ತೀರ್ಥಹಳ್ಳಿಯಲ್ಲಿ ಅತ್ತೆಗೆ ಕಣ್ಣಿನ ಶಸ್ತ್ರಚಿಕಿತ್ಸೆಯಾಗಿತ್ತು. ನೋಡಿಕೊಂಡು ಬರೋಣವೆಂದು ಅಮ್ಮನನ್ನು ಕೂರಿಸಿಕೊಂಡು ಹೊರಟಿದ್ದೆ. ಹೆಬ್ರಿ ದಾಟಿ, ಸೋಮೇಶ್ವರವೂ ಹಿಂದಾಯಿತು. ಎದುರಿನಿಂದ ಬಂದ ಬಸ್ಸಿಗೆ ದಾರಿ ಬಿಡಲು ಎಡಕ್ಕೆ ಇಳಿಸಿದಾಗ ಟಾರಿನ ಅಂಚಿನಲ್ಲಿ ಎದ್ದು ನಿಂತಿದ್ದ ಕಲ್ಲೊಂದು ಮುಂದಿನ ಎಡ ಟೈರಿನ ಪಕ್ಕೆಯನ್ನೇ ಸೀಳಿತು. ಟ್ಯೂಬ್‌ಲೆಸ್ ಟೈರಿಗೆ ಮೊಳೆ ಚುಚ್ಚಿದರೆ ಚಕ್ರ ಬಿಚ್ಚದೆಯೇ ದಾರದಂಥ ಪಟ್ಟಿ ತುರುಕಿ ಮುಗಿಸುತ್ತಾರೆ. ಪಕ್ಕೆ ಹರಿದರೆ ಆ ಆಟ ನಡೆಯುವುದಿಲ್ಲ, ಸ್ಟೆಪ್ನಿಯೇ ಗತಿ.

ಎಡವಟ್ಟಿನ ಬೇರು ಇಲ್ಲಿಯೇ ಇದೆ ಎಂದು ನನಗೆ ಆಮೇಲೆ ಹೊಳೆಯಿತು. ಹಿಂದೆ ಟ್ಯೂಬ್ ಇದ್ದ ಕಾಲದಲ್ಲಿ ಪಂಕ್ಚರ್ ಆದಾಗಲೆಲ್ಲ ಚಕ್ರ ಬಿಚ್ಚಲೇ ಬೇಕಿತ್ತು. ಬೈದುಕೊಂಡೇ ಬಿಚ್ಚುತ್ತಿದ್ದೆವು, ಆದರೆ ನಟ್‌ಗಳು ವರ್ಷಕ್ಕೆ ಎರಡು ಮೂರು ಬಾರಿಯಾದರೂ ಕದಲುತ್ತಿದ್ದವು. ಈಗ ವರ್ಷಗಟ್ಟಲೆ ಯಾರೂ ಅವನ್ನು ಮುಟ್ಟುವುದಿಲ್ಲ. ಮೇಲೆ ಬೆಳ್ಳಿ ಬಣ್ಣದ ಪ್ಲಾಸ್ಟಿಕ್ ಮುಚ್ಚಳ ಬೇರೆ. ಹೊರಗಿನಿಂದ ನೋಡಿದರೆ ಚಕ್ರ ಫಳಫಳ, ಒಳಗೆ ಮಳೆಗಾಲದ ಕೆಸರು, ಕಡಲ ಮರಳು, ಆರದ ತೇವ. ಉಪ್ಪು ಬೆರೆತ ನೀರು ಬರಿಯ ನೀರಿಗಿಂತ ಚೆನ್ನಾಗಿ ವಿದ್ಯುತ್ ಹರಿಯಗೊಡುವುದರಿಂದ ಕಬ್ಬಿಣ ಬೇಗ ತುಕ್ಕಾಗುತ್ತದೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ನಟ್‌ಗೂ ಅದು ಕೂರುವ ಬೋಲ್ಟಿನಂಥ ಕಂಬಿಯಾದ ಸ್ಟಡ್‌ಗೂ ನಡುವೆ ಇರುವ ಕೂದಲೆಳೆಯ ಸಂದಿಯಲ್ಲಿ ಅದು ಉಬ್ಬಿದರೆ ಗಾರೆ ಹಾಕಿದಂತೆಯೇ ಲೆಕ್ಕ. ಉಪ್ಪು ತಿಂದವನು ನೀರು ಕುಡಿಯಬೇಕು ಎನ್ನುತ್ತಾರೆ. ಉಪ್ಪು ತಿಂದದ್ದು ನನ್ನ ಕಾರು, ನೀರು ಕುಡಿದವನು ನಾನು.

ಮುಚ್ಚಳ ತೆಗೆದಾಗ ನಾಲ್ಕು ನಟ್‌ಗಳ ಜಾಗದಲ್ಲಿ ನಾಲ್ಕು ಕಂದು ಬೆಲ್ಲದ ಉಂಡೆಗಳಿದ್ದವು. ಕಾರಿನ ಜೊತೆ ಬಂದಿದ್ದ ಎಲ್ ಆಕಾರದ ಪಾನಾವನ್ನು ಅದರ ಪ್ಲಾಸ್ಟಿಕ್ ಚೀಲದಿಂದ ನಾನು ಹೊರಗೆ ತೆಗೆದದ್ದು ಅಂದೇ ಮೊದಲು. ಹಾಕಿ ಒತ್ತಿದೆ. ಕದಲಲಿಲ್ಲ. ಅದರ ಮೇಲೆ ಹತ್ತಿ ನಿಂತೆ. ಆಗಲೂ ಇಲ್ಲ. ಮನೆಗೆ ಬಂದ ಮೇಲೆ ಲೆಕ್ಕ ಹಾಕಿದೆ. ನನ್ನ ತೂಕ 70 ಕಿಲೋ, ಪಾನಾದ ಉದ್ದ 28 ಸೆಂಟಿಮೀಟರ್, ಅಂದರೆ ನಟ್‌ನ ಮೇಲೆ ಬಿದ್ದ ತಿರುಚುಬಲ ಸುಮಾರು 190 ನ್ಯೂಟನ್ ಮೀಟರ್. ನಟ್ ಬಿಗಿಯಲು ನನ್ನ ಕಾರಿನ ಕೈಪಿಡಿ ಹೇಳುವುದು 85. ಎರಡು ಪಟ್ಟಿಗಿಂತ ಹೆಚ್ಚು ಕೊಟ್ಟರೂ ಅದು ಜಗ್ಗಲಿಲ್ಲ. ಎರಡನೆಯ ಬಾರಿ ಸ್ವಲ್ಪ ಕುಪ್ಪಳಿಸಿದೆ. ಪಾನಾ ಜಾರಿತು, ನಾನು ಚರಂಡಿಯ ಕಡೆಗೆ ಬಿದ್ದೆ, ಮೊಣಕಾಲು ತರಚಿತು, ನಟ್‌ನ ಆರು ಮೂಲೆಗಳು ಸವೆದು ಗುಂಡಗಾದವು. ಪಾನಾದ ಮೇಲೆ ಕುಣಿಯಬೇಡಿ. ನಟ್ ಬಿಚ್ಚುವುದಕ್ಕಿಂತ ಮೊದಲು ಮೂಲೆ ಸವೆಯುತ್ತದೆ, ಮೂಲೆ ಸವೆದ ಮೇಲೆ ಸರಿಯಾದ ಸಾಧನ ಬಂದರೂ ಅದಕ್ಕೆ ಹಿಡಿತ ಸಿಗುವುದಿಲ್ಲ.

ಮೊಬೈಲಿಗೆ ಸಂಕೇತವಿರಲಿಲ್ಲ. ಮುಕ್ಕಾಲು ಗಂಟೆಯ ನಂತರ ಜೀಪೊಂದು ನಿಂತಿತು. ಅದರ ಚಾಲಕ ಪುಣ್ಯಾತ್ಮ, ಅವರ ಮೇಲೆ ನನಗೆ ಯಾವ ದೂರೂ ಇಲ್ಲ. ತುಕ್ಕು ಬಿಡಿಸುವ ಎಣ್ಣೆಯ ಡಬ್ಬಿ ತಂದು ನಾಲ್ಕೂ ನಟ್‌ಗಳಿಗೆ ಧಾರಾಳವಾಗಿ ಸಿಂಪಡಿಸಿದರು. ಎಣ್ಣೆ ಚಕ್ರದ ರಂಧ್ರಗಳ ಮೂಲಕ ಅದೇ ಚಕ್ರದ ಒಳಬದಿಯ ಬ್ರೇಕ್ ಡಿಸ್ಕಿಗೂ ಇಳಿಯಿತು ಎಂಬುದು ನಮ್ಮಿಬ್ಬರಿಗೂ ತಿಳಿಯಲಿಲ್ಲ. ಆ ಎಣ್ಣೆ ಸಂದಿಗೆ ಇಳಿಯಲು ಸಮಯ ಬೇಕು, ನಾವು ಅದಕ್ಕೆ ಕೊಟ್ಟದ್ದು ಎರಡು ನಿಮಿಷ. ನಂತರ ಅವರು ಪಾನಾದ ಹಿಡಿಗೆ ಕಬ್ಬಿಣದ ಪೈಪು ತೊಡಿಸಿ ಎಳೆದರು. ಮೊದಲ ನಟ್ ಪಟಾಕಿ ಸಿಡಿದಂತೆ ಸದ್ದು ಮಾಡಿ ಸಡಿಲಾಯಿತು. ಎರಡನೆಯದೂ ಬಂತು. ಮೂರನೆಯದು ಸದ್ದೇ ಇಲ್ಲದೆ ಮೆತ್ತಗೆ ತಿರುಗಿತು. ಬಂತು ಬಂತು ಎಂದುಕೊಳ್ಳುವಷ್ಟರಲ್ಲಿ ನಟ್ ಸ್ಟಡ್ಡಿನ ತುಂಡಿನೊಡನೆ ಕೈಗೆ ಬಂತು. ನಾನು ಸವೆಸಿದ್ದ ನಾಲ್ಕನೆಯ ನಟ್‌ಗೆ ಅವರು ಒಂದು ಅಳತೆ ಚಿಕ್ಕದಾದ ಹಳೆಯ ಸಾಕೆಟ್ಟನ್ನು ಸುತ್ತಿಗೆಯಿಂದ ಬಡಿದು ಕೂರಿಸಿ ಬಿಚ್ಚಿದರು.

ನಟ್ ಹೋದರೂ ಚಕ್ರ ಹೊರಬರಲಿಲ್ಲ. ರಿಮ್ಮಿನ ನಡುವಿನ ರಂಧ್ರ ಚಕ್ರ ಕೂರುವ ಲೋಹದ ಬಿಲ್ಲೆಯಾದ ಹಬ್‌ಗೆ ತುಕ್ಕಿನಿಂದ ಅಂಟಿಕೊಂಡಿತ್ತು. ಜಾಕ್‌ನ ಮೇಲೆ ನಿಂತಿದ್ದ ಕಾರಿನ ಚಕ್ರಕ್ಕೆ ನಾನು ಕಾಲಿನಿಂದ ಒದೆಯತೊಡಗಿದೆ. ನೆನೆದ ಮಣ್ಣಿನಲ್ಲಿ ಜಾಕ್ ವಾಲಿತು, ಕಾರು ಒಂದು ಗೇಣು ಪಕ್ಕಕ್ಕೆ ಜಾರಿ ಚಕ್ರ ನೆಲಕ್ಕೆ ಅಪ್ಪಳಿಸಿತು. ಅರ್ಧ ನಿಮಿಷದ ಹಿಂದೆ ಅದೇ ಚಕ್ರದ ಅಡಿಯಲ್ಲಿ ಕೈ ಹಾಕಿ ಎಳೆದಿದ್ದೆ. ಅಮ್ಮ ಕಾರಿನೊಳಗೆ ಇರಲಿಲ್ಲ, ಜೀಪಿನಲ್ಲಿ ಕುಳಿತಿದ್ದರು ಎಂಬುದೊಂದೇ ಸಮಾಧಾನ. ಅಂಟಿದ ಚಕ್ರ ಬಿಡಿಸುವುದಕ್ಕೆ ಸುಲಭದ ದಾರಿ ಬೇರೆ ಇದೆ. ನಟ್‌ಗಳನ್ನು ಮತ್ತೆ ತೊಡಿಸಿ ಒಂದೆರಡು ಸುತ್ತು ಸಡಿಲವಾಗಿ ಬಿಟ್ಟು, ಕಾರನ್ನು ನೆಲಕ್ಕಿಳಿಸಿ, ಒಂದು ಅಡಿ ಹಿಂದೆ ಮುಂದೆ ಚಲಿಸಿದರೆ ಕಾರಿನ ತೂಕವೇ ಅಂಟು ಬಿಡಿಸುತ್ತದೆ. ಅಂದು ಅದು ನಮಗಿಬ್ಬರಿಗೂ ಹೊಳೆಯಲಿಲ್ಲ. ಬಿದ್ದ ಹೊಡೆತಕ್ಕೆ ಅಂಟು ಬಿಟ್ಟಿತ್ತು, ಅದೂ ಒಂದು ಲಾಭವೇ.

ಮೂರೇ ನಟ್‌ಗಳಲ್ಲಿ ಸ್ಟೆಪ್ನಿ ಹಾಕಿಕೊಂಡು ಆಮೆಯಂತೆ ಹೆಬ್ರಿಗೆ ಮರಳಿದೆವು. ಬ್ರೇಕ್ ಒತ್ತಿದಾಗಲೆಲ್ಲ ಕಾರು ಬಲಕ್ಕೆ ಎಳೆಯುತ್ತಿತ್ತು, ಎಡ ಡಿಸ್ಕಿಗೆ ಎಣ್ಣೆ ಕುಡಿಸಿದ್ದರ ಫಲ. ಹಾಗೆಯೇ ಘಾಟಿ ಹತ್ತಿ ವಾಪಸು ಇಳಿಯಬೇಕಾಗಿ ಬಂದಿದ್ದರೆ ಏನಾಗುತ್ತಿತ್ತೋ. ಹದಿನಾಲ್ಕು ತಿರುವುಗಳಿವೆ ಅಲ್ಲಿ.

ಇಲ್ಲಿಯವರೆಗಿನದು ಬರಿಯ ಪೇಚಾಟ. ನಿಜವಾದ ಅಪಾಯ ರಿಪೇರಿಯಿಂದ ಬಂತು. ನಾನು ಇದನ್ನು ಬರೆಯಲು ಕುಳಿತದ್ದೂ ಅದಕ್ಕಾಗಿಯೇ.

ಮರುದಿನ ಒಂದು ಗ್ಯಾರೇಜಿಗೆ ಒಯ್ದೆ, ಹೆಸರು ಬೇಡ. ಮುರಿದ ಸ್ಟಡ್ ಬದಲಿಸಿ, ಉಳಿದ ಮೂರು ಚಕ್ರಗಳನ್ನೂ ಬಿಚ್ಚಿ ನೋಡಿ ಎಂದೆ. ಹಿಂದಿನ ಬಲ ಚಕ್ರದ ಒಂದು ನಟ್ ಹಟ ಹಿಡಿಯಿತು. ಹುಡುಗನೊಬ್ಬ ಗ್ಯಾಸ್ ಬತ್ತಿ ಹೊತ್ತಿಸಿ ನಟ್ ಕೆಂಪಗಾಗುವವರೆಗೆ ಕಾಯಿಸಿದ. ಟೈರಿನಲ್ಲಿ ಪೂರ್ತಿ ಗಾಳಿ ಇತ್ತು. ನಾನು ಪಕ್ಕದಲ್ಲೇ ಬಾಗಿ ನಿಂತು, ಆಹಾ ಎಷ್ಟು ಜಾಣ ಎಂದು ನೋಡುತ್ತಿದ್ದೆ. ರಿಮ್ ಕಾದರೆ ಒಳಗಿನ ರಬ್ಬರ್ ಬೆಂದು ಉರಿಯುವ ಅನಿಲ ಬಿಡುತ್ತದೆ, ಒತ್ತಡ ಏರಿ ಟೈರು ಬಾಂಬಿನಂತೆ ಸಿಡಿಯಬಹುದು, ಬೆಂಕಿ ಆರಿಸಿ ಎಷ್ಟೋ ಹೊತ್ತಾದ ಮೇಲೂ ಸಿಡಿಯಬಹುದು ಎಂಬುದು ನನಗೆ ಆಮೇಲೆ ಗೊತ್ತಾಯಿತು. ಗಾಳಿ ಬಿಟ್ಟರೂ ಅಪಾಯ ಪೂರ್ತಿ ತಪ್ಪುವುದಿಲ್ಲ. ಟೈರು ಇರುವ ಚಕ್ರದ ಹತ್ತಿರ ಯಾರಾದರೂ ಬತ್ತಿ ಹೊತ್ತಿಸಿದರೆ ಬೇಡ ಎನ್ನಿ, ಕೇಳದಿದ್ದರೆ ದೂರ ಹೋಗಿ. ಕೆಂಪಗೆ ಕಾದ ಸ್ಟಡ್ ತನ್ನ ಗಡಸುತನವನ್ನೂ ಕಳೆದುಕೊಂಡಿರುತ್ತದೆ, ಅದನ್ನು ಮತ್ತೆ ಬಳಸಬಾರದು. ನನ್ನದನ್ನು ಬಳಸಿದರು.

ಕೊನೆಗೆ ಮೇಸ್ತ್ರಿ ಬಂದು ಹದಿನಾರೂ ಸ್ಟಡ್‌ಗಳಿಗೆ ಬೆರಳಿನಿಂದ ಗ್ರೀಸ್ ಬಳಿದರು. “ಇನ್ನು ಹತ್ತು ವರ್ಷ ತುಕ್ಕು ಹಿಡಿಯುವುದಿಲ್ಲ” ಎಂದರು. ಗಾಳಿಯ ಗನ್ ತಂದು ಗರ್ ಗರ್ ಎನಿಸಿ ಒಂದೊಂದು ನಟ್‌ಗೂ ನಾಲ್ಕು ಹೊಡೆತ ಹೆಚ್ಚೇ ಕೊಟ್ಟರು. ನನಗೆ ಸಂತೋಷವೋ ಸಂತೋಷ, ಕೈಯಾರೆ ಚಹಾ ತರಿಸಿದೆ.

ಐದು ವಾರಗಳ ನಂತರ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಬ್ರಹ್ಮಾವರದ ಹತ್ತಿರ ಹಿಂಬದಿಯಿಂದ ಟಕ್ ಟಕ್ ಎಂಬ ಸದ್ದು ಶುರುವಾಯಿತು. ವೇಗ ಹೆಚ್ಚಿದಂತೆ ಸದ್ದೂ ಹೆಚ್ಚಿತು, 60 ದಾಟಿದಾಗ ಸೀಟು ನಡುಗತೊಡಗಿತು. ರಸ್ತೆ ಕೆಟ್ಟಿರಬೇಕು ಎಂದುಕೊಂಡು ಇನ್ನೂ ಸ್ವಲ್ಪ ದೂರ ಓಡಿಸಿದೆ, ಅಷ್ಟು ದಡ್ಡ ನಾನು. ಕೊನೆಗೆ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿ ಮುಚ್ಚಳ ತೆಗೆದಾಗ ಒಂದು ಸ್ಟಡ್ ಮುರಿದು ನಟ್ ಸಮೇತ ಮುಚ್ಚಳದೊಳಗೆ ಬಿದ್ದಿತ್ತು. ಬತ್ತಿಯಲ್ಲಿ ಕಾಯಿಸಿದ್ದು ಅದೇ. ಅದರ ಪಕ್ಕದ ನಟ್ ಬರಿಗೈಯಲ್ಲಿ ತಿರುಗುತ್ತಿತ್ತು. ನಾಲ್ಕರಲ್ಲಿ ಎರಡರ ಮೇಲೆ ಅಷ್ಟು ದೂರ ಬಂದಿದ್ದೆ.

ನಮ್ಮ ಬೀದಿಯಲ್ಲಿ ಬಸ್ ಡಿಪೋದಲ್ಲಿ ದುಡಿದು ನಿವೃತ್ತರಾದ ಮೆಕ್ಯಾನಿಕ್ ಒಬ್ಬರಿದ್ದಾರೆ. ಅವರು ಮುರಿದ ತುಂಡನ್ನು ಕನ್ನಡಕ ಏರಿಸಿ ನೋಡಿ ಮೊದಲು ಕೇಳಿದ್ದು, “ಗ್ರೀಸ್ ಯಾರು ಹಚ್ಚಿದ್ದು?” ನಟ್ ಬಿಗಿಯುವಾಗ ನಾವು ಹಾಕುವ ಬಲದ ಬಹುಪಾಲು, ಅವರ ಲೆಕ್ಕದಲ್ಲಿ ಹತ್ತರಲ್ಲಿ ಒಂಬತ್ತು ಪಾಲು, ಉಜ್ಜಾಟವನ್ನು ಮೀರುವುದಕ್ಕೇ ಹೋಗುತ್ತದೆ. ಮಿಕ್ಕ ಒಂದು ಪಾಲು ಸ್ಟಡ್ಡನ್ನು ರಬ್ಬರಿನಂತೆ ತುಸು ಎಳೆದು ಹಿಡಿದಿಡುತ್ತದೆ, ಚಕ್ರವನ್ನು ಒತ್ತಿ ಹಿಡಿಯುವುದು ಆ ಎಳೆತವೇ. ಕೈಪಿಡಿಯ 85 ಎಂಬ ಅಂಕಿ ಒಣ, ಶುಭ್ರ ಥ್ರೆಡ್‌ಗೆ, ಅಂದರೆ ಸ್ಟಡ್ಡಿನ ಮೇಲಿನ ತಿರುಪಿನ ಗೆರೆಗಳಿಗೆ, ಹೇಳಿದ್ದು. ಗ್ರೀಸ್ ಬಳಿದರೆ ಉಜ್ಜಾಟ ಕಡಿಮೆಯಾಗಿ ಅದೇ 85ಕ್ಕೆ ಸ್ಟಡ್ ಎಷ್ಟೋ ಹೆಚ್ಚು ಎಳೆಯಲ್ಪಡುತ್ತದೆ. ಅದರ ಮೇಲೆ ಅಳತೆಯಿಲ್ಲದ ಗನ್! ಮಿತಿ ಮೀರಿ ಎಳೆದ ಸ್ಟಡ್ ಹಿಂದಕ್ಕೆ ಬಾರದೆ ಹಿಗ್ಗಿ ಉಳಿಯುತ್ತದೆ, ಆಮೇಲೆ ಅದರ ಬಿಗಿತವೇ ಹೋಗುತ್ತದೆ.

ಇನ್ನೊಂದು ವಿಷಯ ತೋರಿಸಿದರು. ಸಡಿಲಾಗಿದ್ದ ನಟ್‌ನ ಸುತ್ತ ರಿಮ್ಮಿನ ಮೇಲೆ ಕೆಂಪು ಗೆರೆಗಳು ಸೂರ್ಯನ ಕಿರಣದಂತೆ ಹೊರಕ್ಕೆ ಹರಡಿದ್ದವು. ನಟ್‌ನ ಮೈಮೇಲಿನ ತುಕ್ಕು ಒಂದು ಬಗೆ, ಈ ಗೆರೆ ಇನ್ನೊಂದು ಬಗೆ. ನಟ್ ಅದುರಿ ರಿಮ್ಮನ್ನು ತೇಯುತ್ತಿದ್ದರೆ ಅಲ್ಲಿ ಹುಟ್ಟುವ ಹೊಸ ತುಕ್ಕು ಮಳೆ ನೀರಿನಲ್ಲಿ ಹೀಗೆ ಹರಿಯುತ್ತದೆ. ಡಿಪೋದಲ್ಲಿ ಬೆಳಿಗ್ಗೆ ಬಸ್ಸು ಬಿಡುವ ಮೊದಲು ಕಣ್ಣು ಹೋಗುತ್ತಿದ್ದುದೇ ಆ ಗೆರೆಗಳ ಕಡೆಗಂತೆ. ನನ್ನ ಕಾರಿನಲ್ಲಿ ಅವು ಮುಚ್ಚಳದ ಅಡಿಯಲ್ಲಿ ಬೆಚ್ಚಗೆ ಕುಳಿತಿದ್ದವು. ಹಳೆಯ ಕಾರು ಕೊಳ್ಳುವವರು ನಟ್‌ಗಳಿಗೆ ಹೊಸದಾಗಿ ಕಪ್ಪು ಬಣ್ಣ ಬಳಿದಿದ್ದರೆ ಸ್ವಲ್ಪ ಕೆರೆದು ನೋಡುವುದು ಒಳ್ಳೆಯದು.

ಹದಿನಾರೂ ಸ್ಟಡ್, ಹದಿನಾರೂ ನಟ್ ಹೊಸದಾದವು. ಹಳೆಯ ಸ್ಟಡ್ಡಿಗೆ ಹೊಸ ನಟ್ ಸಾಕು ಎಂದು ಅಂಗಡಿಯವರು ಹೇಳಿದರು, ತುಕ್ಕು ತಿಂದ ಥ್ರೆಡ್‌ನಲ್ಲಿ ಹೊಸ ನಟ್ ಕೂಡ ಕೆಡುತ್ತದೆ ಎಂದು ನಮ್ಮ ಬೀದಿಯ ಹಿರಿಯರು ಒಪ್ಪಲಿಲ್ಲ. ಬ್ರೇಕ್ ಪ್ಯಾಡ್ ಎಣ್ಣೆ ಕುಡಿದಿದ್ದರಿಂದ ಅದೂ ಹೊಸದು. ಈಗ ಮೇ ತಿಂಗಳ ಕೊನೆಗೊಮ್ಮೆ, ಮಳೆ ನಿಂತ ಮೇಲೆ ಅಕ್ಟೋಬರಿನಲ್ಲೊಮ್ಮೆ, ಮನೆಯಂಗಳದಲ್ಲಿ ಚಕ್ರ ನೆಲಕ್ಕೆ ತಾಗಿರುವಾಗಲೇ ಒಂದೊಂದೇ ನಟ್ ಬಿಚ್ಚಿ, ತಂತಿಯ ಬ್ರಷ್‌ನಿಂದ ಥ್ರೆಡ್ ಉಜ್ಜಿ, ಒಣಗಿಸಿ, ಮತ್ತೆ ಹಾಕುತ್ತೇನೆ. ಮೊದಲ ಸುತ್ತುಗಳು ಬೆರಳಲ್ಲೇ ಹೋಗಬೇಕು, ಬಿಗಿಯುವುದು ಎದುರುಬದುರು ಕ್ರಮದಲ್ಲಿ, ತಿರುಚುಬಲ ಅಳೆದು ಬಿಗಿಯುವ ಪಾನಾ ಟಾರ್ಕ್ ರೆಂಚ್‌ನಲ್ಲಿ 85ಕ್ಕೆ. ಚಕ್ರ ಪೂರ್ತಿ ಕಳಚಿದಾಗ ಮಾತ್ರ ಹಬ್‌ನ ನಡುವಿನ ಉಂಗುರಕ್ಕೆ ತೆಳ್ಳಗೆ ಗ್ರೀಸ್, ಸ್ಟಡ್ಡಿಗಾಗಲಿ ನಟ್ ಕೂರುವ ಇಳಿಜಾರಿಗಾಗಲಿ ಒಂದು ತೊಟ್ಟೂ ಇಲ್ಲ. ಗ್ಯಾರೇಜಿನವರು ಚಕ್ರ ಮುಟ್ಟಿದರೆ ಗನ್ ಬೇಡ, ಕೈಯಲ್ಲಿ ಬಿಗಿಯಿರಿ ಎನ್ನುತ್ತೇನೆ, ಅವರು ಮುಖ ಗಂಟಿಕ್ಕುತ್ತಾರೆ, ಗಂಟಿಕ್ಕಲಿ. ಅಲ್ಲಿಂದ ಬಂದು ಐವತ್ತು ನೂರು ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಬಿಗಿತ ನೋಡುತ್ತೇನೆ. ಡಿಕ್ಕಿಯಲ್ಲಿ ಆ ಕಿರಿಯ ಎಲ್ ಪಾನಾದ ಜೊತೆಗೆ ಆರು ಮೂಲೆಯ ಆಳವಾದ ಸಾಕೆಟ್, ಎರಡು ಅಡಿಯ ಹಿಡಿ, ಜಾಕ್‌ನ ಅಡಿಗೆ ಒಂದು ಹಲಗೆ ತುಂಡು ಇವೆ. ಪ್ಲಾಸ್ಟಿಕ್ ಮುಚ್ಚಳಗಳು ಅಟ್ಟದ ಮೇಲಿವೆ.

ಕಾರು ಈಗ ನೋಡಲು ಚೆಂದವಿಲ್ಲ ಎಂದು ಮನೆಯವರ ತಕರಾರು. ಅತ್ತೆಯ ಎರಡನೆಯ ಕಣ್ಣಿನ ಶಸ್ತ್ರಚಿಕಿತ್ಸೆ ಮುಂದಿನ ತಿಂಗಳಿದೆ. ಬಸ್ಸಿನಲ್ಲಿ ಹೋಗೋಣ ಎಂದು ಅಮ್ಮ ಈಗಾಗಲೇ ಹೇಳಿಯಾಗಿದೆ.